ಲೋಟಕ್ಕೆ ತಾಗಿದ ಚಮಚ

ಮೂವತ್ತು ವರ್ಷ ಮೈಕಿನ ಮುಂದೆ ಕೂತು, ಒಂದೇ ಒಂದು ಸ್ವಂತ ವಾಕ್ಯ ಆಡದೆ ನಿವೃತ್ತಳಾದವಳ ಹೊಟ್ಟೆಯಲ್ಲಿ ಎಷ್ಟು ಮಾತು ಉಳಿದಿರಬಹುದು, ನೀವೇ ಊಹಿಸಿ. ಮೈಕಮ್ಮ ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುತ್ತಿದ್ದವಳು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಆದ ತೊಂದರೆಗೆ ವಿಷಾದ, ಇಷ್ಟೇ. ಗಾಡಿ ಯಾಕೆ ತಡ ಎಂದು ಅವಳಿಗೆ ಗೊತ್ತಿರುತ್ತಿತ್ತು, ಯಾರ ತಪ್ಪು ಎಂದೂ ಗೊತ್ತಿರುತ್ತಿತ್ತು. ಹೇಳುವ ಹಾಗಿರಲಿಲ್ಲ. ಬರೆದುಕೊಟ್ಟಿದ್ದನ್ನು ಏರಿಳಿತವಿಲ್ಲದೆ ಓದಬೇಕು, ಮೈಕ್ ಆರಿಸಬೇಕು. ಕೊನೆಕೊನೆಗೆ ಅವಳ ದನಿ ಎಂಥ ಹದಕ್ಕೆ ಬಂದಿತ್ತೆಂದರೆ, ಮನೆಯಲ್ಲಿ ಹಾಲು ಉಕ್ಕುತ್ತಿದೆ ಎಂದು ಕೂಗಿದರೂ ಗಂಡ, "ಯಾವ ಪ್ಲಾಟ್‌ಫಾರ್ಮಲ್ಲಿ?" ಎನ್ನುತ್ತಿದ್ದ.

ಮನೆಯಲ್ಲಿ ಕೂತ ಮೇಲೆ ಆ ಮಾತೆಲ್ಲ ಗಂಡನ ತಲೆಯ ಮೇಲೆ ಸುರಿಯತೊಡಗಿತು. ಪಾಪ, ಅವನಾದರೂ ಎಷ್ಟು ತಡೆದಾನು. ವಿಶ್ವವಿದ್ಯಾಲಯದಲ್ಲಿ ಕಣ್ಣು ಕಾಣದ ಮಕ್ಕಳಿಗೆ ಪುಸ್ತಕ ಓದಿ ಹೇಳುವವರು ಬೇಕಂತೆ ಎಂಬ ಸುದ್ದಿ ತಂದವನು ಅವನೇ. ಮರುದಿನ ಬೆಳಿಗ್ಗೆ ಅವಳ ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟವನೂ ಅವನೇ.

ವಿಕಲಚೇತನ ವಿದ್ಯಾರ್ಥಿಗಳ ನೆರವು ಕೇಂದ್ರ ಎಂದು ಬೋರ್ಡು ಉದ್ದಕ್ಕಿತ್ತು. ಒಳಗೆ ಇದ್ದದ್ದು ಎರಡೇ ಕೋಣೆ. ಹೊರಕೋಣೆಯಲ್ಲಿ ಕೇಂದ್ರದ ಮೇಡಮ್ಮಿನ ಮೇಜು, ಪುಸ್ತಕ ಸ್ಕ್ಯಾನ್ ಮಾಡುವ ಯಂತ್ರ, ಗಾಲಿಕುರ್ಚಿ ಸರಾಗವಾಗಿ ತಿರುಗಲೆಂದು ಬಿಟ್ಟ ಖಾಲಿ ಜಾಗ. ಒಳಕೋಣೆಯ ಗೋಡೆಗೆಲ್ಲ ಸ್ಪಂಜು ಹಚ್ಚಿ ರೆಕಾರ್ಡಿಂಗಿಗೆ ಒಂದು ಮೈಕ್ ಇಟ್ಟಿದ್ದರು. ಮೇಡಮ್ ಒಂದು ಕಿವಿಗೆ ಯಂತ್ರ ಹಾಕುತ್ತಿದ್ದಳು. ಕೆಲಸಕ್ಕೆ ಬಾರದ ಮಾತು ಶುರುವಾಯಿತೆಂದರೆ ಅದನ್ನು ಮೆಲ್ಲಗೆ ಬಿಚ್ಚಿ ಮೇಜಿನ ಮೇಲಿಡುವುದು ಅವಳ ಅಭ್ಯಾಸ.

ಮೈಕಮ್ಮನ ಪಾಲಿಗೆ ಬಂದದ್ದು ಅರ್ಥಶಾಸ್ತ್ರದ ಎರಡನೇ ವರ್ಷದ ಹುಡುಗಿ. ಹುಟ್ಟಿನಿಂದ ಕುರುಡಿ, ಬುದ್ಧಿ ಮಹಾ ಚುರುಕು. ಅವಳ ಫೋನು ಓದಿ ಹೇಳುವ ವೇಗಕ್ಕೆ ಉಳಿದವರ ತಲೆ ತಿರುಗುತ್ತಿತ್ತು. ಆದರೆ ಈ ಪಠ್ಯಪುಸ್ತಕ ಹಳೆಯದು. ಅಚ್ಚು ಮಸುಕು, ಪುಟಕ್ಕೊಂದು ರೇಖಾಚಿತ್ರ. ಯಂತ್ರ ಆ ಗೆರೆಗಳನ್ನು ಕಂಡ ಕೂಡಲೇ ಬಾಯಿಗೆ ಬಂದದ್ದು ಬಡಬಡಿಸುತ್ತಿತ್ತು. ಹಾಗಾಗಿ ಮನುಷ್ಯರೇ ಓದಬೇಕಾಯಿತು. ಮೈಕಮ್ಮ ಓದಿ ರೆಕಾರ್ಡ್ ಮಾಡುವುದು, ಹುಡುಗಿ ಹಾಸ್ಟೆಲಿನಲ್ಲಿ ಕೇಳಿ ಬಾಯಿಪಾಠ ಮಾಡುವುದು. ಒಮ್ಮೆ ಕೇಳಿದ್ದನ್ನು ಅವಳು ಮರೆತದ್ದೇ ಇಲ್ಲ. ಗೊತ್ತಿಲ್ಲ ಎಂಬ ಮಾತನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಮೊದಲ ಅಧ್ಯಾಯವನ್ನು ಮೈಕಮ್ಮ ಒಂದಕ್ಷರ ಹೆಚ್ಚಿಲ್ಲದೆ ಓದಿದಳು. ಎರಡನೆಯದರಲ್ಲಿ ಪರಿಪೂರ್ಣ ಪೈಪೋಟಿಯ ಮಾರುಕಟ್ಟೆ ಬಂತು. ಅಲ್ಲಿ ಎಲ್ಲರಿಗೂ ಎಲ್ಲ ಬೆಲೆಯೂ ಗೊತ್ತಂತೆ, ಯಾರೂ ಯಾರಿಗೂ ಟೋಪಿ ಹಾಕುವುದಿಲ್ಲವಂತೆ. ಅವಳ ನಾಲಿಗೆ ತುರಿಸಿತು. "ಇಂಥ ಮಾರುಕಟ್ಟೆಯನ್ನು ಕಂಡವರಿದ್ದರೆ ದಯವಿಟ್ಟು ವಿಳಾಸ ತಿಳಿಸತಕ್ಕದ್ದು" ಎಂದು ಸೇರಿಸಿಯೇ ಬಿಟ್ಟಳು. ಎಂಥ ಹಗುರ ಅನ್ನಿಸಿತು. ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲವಾದರು. ಹುಡುಗಿಗೆ ನಗು ಬರಲಿ ಎಂದು ಒಂದು ಮಾತು, ತನ್ನ ಹೊಟ್ಟೆಯುರಿ ಆರಲಿ ಎಂದು ಇನ್ನೊಂದು. ಕೇಡಿನ ಯೋಚನೆ ಎಳ್ಳಷ್ಟೂ ಇರಲಿಲ್ಲ. ಎಡವಟ್ಟಾದದ್ದು ಆ ದನಿಯಿಂದ. ಬೇರೆಯವರ ಕುಹಕ ದನಿಯಲ್ಲೇ ತಿಳಿಯುತ್ತದೆ. ಮೈಕಮ್ಮನ ಗಂಟಲಲ್ಲಿ ಲೇಖಕನ ಮಾತೂ ಅವಳ ಮಾತೂ ಒಂದೇ ಹಳಿಯ ಮೇಲೆ ಓಡುತ್ತಿದ್ದವು.

ಕಿರುಪರೀಕ್ಷೆಯಾಗಿ ಒಂದು ವಾರಕ್ಕೆ ಅರ್ಥಶಾಸ್ತ್ರದ ಮೇಷ್ಟ್ರು ಕೇಂದ್ರಕ್ಕೆ ಬಂದರು. ಕಟ್ಟುನಿಟ್ಟಿನ ಮನುಷ್ಯ, ಮೂಗಿನ ತುದಿಯಲ್ಲೇ ಕೋಪ. ಹುಡುಗಿ ಮೇಡಮ್ಮಿನ ಎದುರು ಕೂತಿದ್ದಳು. ಒಳಕೋಣೆಯ ಬಾಗಿಲು ತೆರೆದಿತ್ತು, ಮೈಕಮ್ಮ ಆರನೇ ಅಧ್ಯಾಯಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

"ಈ ವಿಮರ್ಶಕರು ಯಾರಮ್ಮ?" ಮೇಷ್ಟ್ರು ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟು ಕೇಳಿದರು.

"ಯಾವ ವಿಮರ್ಶಕರು ಸರ್?"

"ಮನೆಗೆಲಸಾನ ರಾಷ್ಟ್ರೀಯ ಆದಾಯಕ್ಕೆ ಸೇರಿಸಲ್ಲ ಅಂತ ಬರೆದಿದೀಯ, ಸರಿ. ಮುಂದೆ ಕೇಳು. 'ಈ ಲೆಕ್ಕ ಹಾಕಿದವರು ಜನ್ಮದಲ್ಲಿ ಒಂದು ಪಾತ್ರೆ ತೊಳೆದವರಲ್ಲ ಎಂದು ವಿಮರ್ಶಕರು ಅಭಿಪ್ರಾಯಪಡುತ್ತಾರೆ.' ಇಷ್ಟು ವರ್ಷ ಪಾಠ ಮಾಡಿದೀನಿ, ಇಂಥ ವಿಮರ್ಶಕರು ನನಗೆ ಸಿಕ್ಕಿಲ್ಲ."

"ಪುಸ್ತಕದಲ್ಲೇ ಇದೆ ಸರ್. ನಾಲ್ಕನೇ ಅಧ್ಯಾಯ."

ಮೇಷ್ಟ್ರು ಪುಸ್ತಕ ತಂದೇ ಇದ್ದರು. ಪುಟ ತಿರುವಿದ ಸದ್ದು ಒಳಕೋಣೆಗೂ ಕೇಳಿಸಿತು. "ಇಲ್ಲ. ಬೇಕಿದ್ರೆ ಸಾಲುಸಾಲಾಗಿ ಓದ್ತೀನಿ. ಇಲ್ಲದ್ದನ್ನ ಇದೆ ಅಂತ ಹುಟ್ಟಿಸಿ ಬರೆಯೋದು ಸಣ್ಣ ತಪ್ಪಲ್ಲ. ಸೊನ್ನೆ ಹಾಕಿದೀನಿ. ಇದರಲ್ಲಿ ಪಾಸಾಗದಿದ್ರೆ ವರ್ಷದ ಪರೀಕ್ಷೆಗೆ ಕೂರೋ ಹಾಗಿಲ್ಲ, ಅದು ನಿನಗೂ ಗೊತ್ತು."

"ನಾನು ಏನನ್ನೂ ಹುಟ್ಟಿಸಿಲ್ಲ ಸರ್" ಎಂದಳು ಹುಡುಗಿ. "ನನ್ನ ಕಿವೀಲಿ ಕೇಳಿದೀನಿ."

ಮೈಕಮ್ಮ ಸುಮ್ಮನೆ ಬಾಗಿಲು ಮುಂದೆ ಮಾಡಿ ಕೂತಿದ್ದರೆ ಆಗುತ್ತಿತ್ತೇನೋ, ಒಂದು ಗಳಿಗೆ ಆ ಆಸೆಯೂ ಬಂತು ಎಂದು ಹೇಳಲೇಬೇಕು. ಕಾಲು ಮಾತ್ರ ಹೊರಕೋಣೆಗೆ ಬಂದಾಗಿತ್ತು.

"ಆ ವಿಮರ್ಶಕಿ ನಾನೇ ಸರ್. ಓದ್ತಾ ಓದ್ತಾ ಸೇರಿಸಿಬಿಟ್ಟೆ."

ಹುಡುಗಿ ಮುಖವನ್ನು ದನಿಯ ಕಡೆ ತಿರುಗಿಸಿದಳು. "ನನ್ನ ಉಳಿಸೋಕೆ ಹೇಳ್ತಿದೀರಾ?"

"ಇಲ್ಲ ಪುಟ್ಟ. ನಿಜ."

"ಅಂಥದ್ದು ಇನ್ನೂ ಎಷ್ಟಿದೆ?"

ಮೈಕಮ್ಮನಿಗೆ ನೆನಪಿರಲಿಲ್ಲ. ಅಲ್ಲೊಂದು ಇಲ್ಲೊಂದು ಎಂದು ತೊದಲಿದಳು.

"ಬೇರೆಯವರಾದ್ರೆ ಪುಟ ತಿರುಗಿಸಿ ನೋಡ್ಕೋತಾರೆ. ನಾನು ಏನು ತಿರುಗಿಸಲಿ? ನಿಮ್ಮ ಬಾಯಿಂದ ಬಂದಿದ್ದೇ ನನಗೆ ಪುಸ್ತಕ. ಈಗ ನನ್ನ ತಲೇಲಿ ಇರೋದ್ರಲ್ಲಿ ಯಾವುದು ಪುಸ್ತಕದ್ದು, ಯಾವುದು ನಿಮ್ಮದು, ನಂಗೆ ಗೊತ್ತಿಲ್ಲ."

ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಹುಡುಗಿ ಮೆಲ್ಲಗೆ ಹೇಳಿದಳು. ಮೈಕಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟು ವರ್ಷದಲ್ಲಿ ಅವಳು ಒಂದು ಗಾಡಿಯನ್ನೂ ತಪ್ಪು ಪ್ಲಾಟ್‌ಫಾರ್ಮಿಗೆ ಹೇಳಿದವಳಲ್ಲ. ನಗಿಸಲು ಹೋಗಿ ಈ ಒಬ್ಬಳನ್ನು ಎಲ್ಲಿಗೋ ಹತ್ತಿಸಿ ಕಳಿಸಿದ್ದಳು.

ಮೇಡಮ್ ಅಂದು ಕಿವಿಯ ಯಂತ್ರ ಬಿಚ್ಚಲಿಲ್ಲ. "ಸರ್, ಉಳಿದ ಮಕ್ಕಳಿಗೆಲ್ಲ ತಪ್ಪು ಅಚ್ಚಾದ ಪುಸ್ತಕ ಹೋಗಿದ್ರೆ ಏನು ಮಾಡ್ತಿದ್ರಿ?"

"ಸರಿಯಾದ್ದು ಕೊಟ್ಟು ಮತ್ತೆ ಬರೆಸ್ತಿದ್ದೆ."

"ಇವಳಿಗೂ ಅಷ್ಟೇ ಮಾಡಿ. ಅದಕ್ಕಿಂತ ಜಾಸ್ತಿ ಬೇಡ. ಪುಸ್ತಕ ಕೊಟ್ಟಿದ್ದು ನಾವು, ತಪ್ಪು ನಮ್ಮದು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಹದಿನೈದು ದಿನ ಬಿಟ್ಟು ಮತ್ತೆ ಪರೀಕ್ಷೆ. ಬರೆದುಕೊಡೋರು, ಹೆಚ್ಚಿನ ಸಮಯ, ಎಲ್ಲ ಎಂದಿನ ಹಾಗೆ. ಪ್ರಶ್ನೆ ಮಾತ್ರ ಸುಲಭ ಇರಲ್ಲ. ಕರುಣೆ ಗಿರುಣೆ ನನ್ನ ಹತ್ರ ಇಲ್ಲ."

"ಅದನ್ನ ಯಾರೂ ಕೇಳಿಲ್ಲ ಸರ್" ಎಂದಳು ಹುಡುಗಿ.

ಅವರು ಹೋದ ಮೇಲೆ ಮೈಕಮ್ಮ ಚೀಲ ಎತ್ತಿಕೊಂಡಳು. ಬೇರೆ ಯಾರಾದರೂ ಓದಲಿ, ತನಗೆ ಈ ಯೋಗ್ಯತೆ ಇಲ್ಲ ಎಂದಳು. ಹುಡುಗಿ ಅವಳ ಕಡೆ ತಿರುಗದೆ ಮೇಡಮ್ಮಿಗೇ ಹೇಳಿದಳು: "ಇವರೇ ಓದ್ಲಿ. ಕೆಡಿಸಿದವರೇ ಸರಿ ಮಾಡ್ಲಿ."

ಮೈಕಮ್ಮ ಮೊದಲಿನಿಂದ ಓದಲು ಕೂತಳು. ಈ ಸಲ ಬಾಯಿಗೆ ಬೀಗ. ಪುಸ್ತಕ ಹೇಳಿದ್ದಷ್ಟೇ, ರೇಖಾಚಿತ್ರ ಬಂದರೆ ಯಾವ ಗೆರೆ ಎಲ್ಲಿಂದ ಎಲ್ಲಿಗೆ ಏರುತ್ತದೆ, ಎಲ್ಲಿ ಇನ್ನೊಂದನ್ನು ಕತ್ತರಿಸುತ್ತದೆ, ಅಷ್ಟೇ. ಆದರೆ ಬುದ್ಧಿ ಬಂದ ಮಾತ್ರಕ್ಕೆ ಸಿಟ್ಟು ಹೋಗುತ್ತದೆಯೇ? ಪರಿಪೂರ್ಣ ಪೈಪೋಟಿ ಬಂತು. ಹಲ್ಲು ಕಚ್ಚಿದಳು. ಪಕ್ಕದಲ್ಲಿದ್ದ ಚಹಾದ ಗಾಜಿನ ಲೋಟಕ್ಕೆ ಚಮಚ ಹಾಕಿ ಗರಗರ ತಿರುಗಿಸಿದಳು. ಮನೆಗೆಲಸ ಬಂತು, ಮತ್ತೆ ತಿರುಗಿಸಿದಳು. ಸಕ್ಕರೆ ಯಾವಾಗಲೋ ಕರಗಿಹೋಗಿತ್ತು, ಚಹಾ ಆರಿ ತಣ್ಣಗಾಗಿತ್ತು, ಚಮಚಕ್ಕೆ ಮಾತ್ರ ಬಿಡುವಿರಲಿಲ್ಲ. ಮನೆಗೆ ಬಂದು ತುಟಿ ಪಿಟಕ್ಕೆನ್ನದೆ ಕೂತರೆ ಗಂಡ ಬಂದು ಹಣೆ ಮುಟ್ಟಿ ನೋಡಿದ. "ಜ್ವರ ಇಲ್ಲ. ಮತ್ತೆ ಯಾಕೆ ಹಿಂಗೆ?"

ಪರೀಕ್ಷೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಹುಡುಗಿ ಕೋಲು ಮಡಚಿ ಒಳಕೋಣೆಗೆ ಬಂದು ಕೂತಳು. ಮೇಷ್ಟ್ರು ಬಂದುಹೋದ ದಿನದಿಂದ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಇರಲಿಲ್ಲ.

"ಮೈಕಮ್ಮ, ಓದೋವಾಗ ಏನೋ ಕಲಕ್ತಾ ಇರ್ತೀರಲ್ಲ, ಏನದು?"

"ಸದ್ದು ಬಂತಾ? ಚಹಾ ಕಣೆ. ಇನ್ನು ಲೋಟ ಹೊರಗಿಟ್ಟೇ ಬರ್ತೀನಿ. ಮತ್ತೆ ಓದಿಕೊಡ್ತೀನಿ ಎಲ್ಲ."

"ಬೇಡ. ಮೊದಮೊದ್ಲು ತಲೆನೋವು ಬಂತು. ಆಮೇಲೆ ಗಮನಿಸಿದೆ, ಅದು ಸಿಕ್ಕಸಿಕ್ಕಲ್ಲಿ ಬರಲ್ಲ. ಪುಸ್ತಕ ಎಲ್ಲಿ ಏನೋ ದೊಡ್ಡ ಮಾತು ಹೇಳಿ ಜಾರ್ಕೊಳ್ಳುತ್ತೋ, ಅಲ್ಲೇ ಬರತ್ತೆ. ನಿಮಗೆ ಸಿಟ್ಟು ಬಂದಿದ್ದು ಅಲ್ಲೇ ತಾನೆ?"

ಮೈಕಮ್ಮನ ಕೈಯಲ್ಲಿದ್ದ ಚಮಚ ತಾನಾಗಿ ಲೋಟಕ್ಕೆ ತಾಗಿತು. ಹುಡುಗಿ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು.

"ಸದ್ದು ಬಂದಾಗೆಲ್ಲ ನಿಲ್ಲಿಸಿ, ಇಲ್ಲಿ ಮೈಕಮ್ಮ ಏನಂತಿದ್ರು ಅಂತ ಯೋಚನೆ ಮಾಡ್ತಿದ್ದೆ. ಹಂಗೇ ಮಾಡ್ತಾ ಮಾಡ್ತಾ, ನಾನಾದ್ರೆ ಏನಂತಿದ್ದೆ ಅನ್ನೋಕೆ ಶುರುವಾಯ್ತು. ಇಷ್ಟು ದಿನ ಪುಸ್ತಕದ ಮಾತು ಕೇಳೋದು, ಒಪ್ಪಿಸೋದು, ಅಷ್ಟೇ ಮಾಡಿದ್ದೆ."

"ಮತ್ತೆ ಏನಂದೆ ನೀನು?"

"ಈಗ ಹೇಳಲ್ಲ. ಪರೀಕ್ಷೆ ಮುಗೀಲಿ."

ಪರೀಕ್ಷೆ ಮುಗಿಯಿತು. ಮೇಷ್ಟ್ರು ಮತ್ತೆ ಕೇಂದ್ರಕ್ಕೆ ಬಂದರು, ಕೈಯಲ್ಲಿ ಅದೇ ಥರದ ಪತ್ರಿಕೆ, ಮುಖದಲ್ಲಿ ಅದೇ ಗಂಟು. ಮೈಕಮ್ಮನನ್ನೂ ಹೊರಗೆ ಕರೆದರು. ಅವಳು, ಮೈಮರೆತು ಎಲ್ಲಾದರೂ ಬಾಯಿ ಹಾಕಿಬಿಟ್ಟೆನೇ ಎಂದು ಅಧ್ಯಾಯಗಳನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದಳು.

ಮೇಷ್ಟ್ರು ಓದಿದರು. "'ದುಡಿಯಲು ಶಕ್ತರಾದವರನ್ನು ಮಾತ್ರ ದುಡಿಮೆಗಾರರ ಲೆಕ್ಕಕ್ಕೆ ಸೇರಿಸುತ್ತಾರೆ. ಆದರೆ ಶಕ್ತರು ಯಾರೆಂದು ತೀರ್ಮಾನಿಸುವವರು ಯಾರು ಎಂದು ವಿಮರ್ಶಕರು ಕೇಳುತ್ತಾರೆ. ಸರಿಯಾದ ಪುಸ್ತಕ ಸಿಕ್ಕ ದಿನ ಒಬ್ಬ ವಿದ್ಯಾರ್ಥಿನಿ ಶಕ್ತಳು, ಸಿಗದ ದಿನ ಅಶಕ್ತಳು. ಎರಡೂ ದಿನ ಇದ್ದವಳು ಅವಳೇ. ಬದಲಾದದ್ದು ಪುಸ್ತಕ.'" ಅವರು ಪತ್ರಿಕೆ ಇಳಿಸಿ ಮೈಕಮ್ಮನನ್ನು ನೋಡಿದರು. "ಈ ವಿಮರ್ಶಕರು ಯಾರು?"

"ನಾನಲ್ಲ ಸರ್. ದೇವರಾಣೆ ನಾನಲ್ಲ."

"ನಾನೇ ಸರ್" ಎಂದಳು ಹುಡುಗಿ.

ಮೇಷ್ಟ್ರು ಆ ಸಾಲುಗಳ ಮೇಲೆ ಬೆರಳಿಟ್ಟರು. "ಮತ್ತೆ ಯಾರದೋ ಬೆನ್ನ ಹಿಂದೆ ಯಾಕೆ ಬಚ್ಚಿಟ್ಕೊಂಡಿದೀಯ? 'ನನ್ನ ಅಭಿಪ್ರಾಯದಲ್ಲಿ' ಅಂತ ಬರಿ. ಅದಕ್ಕೆ ಒಂದು ಅಂಕ ಕಳೆದಿದೀನಿ."

"ಉಳಿದಿದ್ದು?"

"ಉಳಿದಿದ್ದು ಉಳಿದಿದೆ. ವರ್ಷದ ಪರೀಕ್ಷೆಗೆ ಕೂತ್ಕೋ." ಬಾಗಿಲವರೆಗೆ ಹೋದವರು ತಿರುಗಿದರು. "ಆ ಪಾತ್ರೆ ತೊಳೆಯೋ ಮಾತೂ ಸುಳ್ಳೇನಲ್ಲ. ಮನೇಲಿ ಹೇಳ್ದೆ. ಆವತ್ತಿಂದ ನನ್ನ ತಟ್ಟೆ ನಾನೇ ತೊಳೀತಿದೀನಿ."

ಮೈಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಳು ತಡೆಯುವ ಗೋಜಿಗೇ ಹೋಗಲಿಲ್ಲ. ಹುಡುಗಿಯ ವರ್ಷ ಉಳಿದದ್ದು ಒಂದು ಸಂತೋಷ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು: ತನಗೆ ಮೂವತ್ತು ವರ್ಷ ಸಿಗದ ಧೈರ್ಯ ಈ ಹುಡುಗಿಗೆ ಇಪ್ಪತ್ತಕ್ಕೇ ಸಿಕ್ಕಿತ್ತು.

ಮುಂದಿನ ವರ್ಷದ ಪುಸ್ತಕ ಬಂದ ದಿನ ಹುಡುಗಿ ತನ್ನದೇ ಲೋಟ, ತನ್ನದೇ ಚಮಚ ಹಿಡಿದು ಬಂದಳು. ಸ್ಟೀಲಿನ ಲೋಟ, ಗಾಜಿನ ಸದ್ದು ಮೈಕಮ್ಮನ ಮಾತಿಗೆ, ಇದರ ಸದ್ದು ತನ್ನ ಮಾತಿಗೆ ಎಂದು. ಕೇಂದ್ರಕ್ಕೆ ಹೊಸದಾಗಿ ಸೇರಿದ ಮೂವರು ವಿದ್ಯಾರ್ಥಿಗಳೂ ಈ ರೆಕಾರ್ಡಿಂಗನ್ನೇ ಕೇಳಬೇಕಿತ್ತು. ನಿಯಮ ಇಷ್ಟು: ಮೊದಲು ಚಮಚ ಬಡಿಯಬೇಕು, ಆಮೇಲೆ ಸ್ವಂತ ಮಾತು, ಮುಗಿದ ಮೇಲೆ ಮತ್ತೆ ಚಮಚ. ಉಳಿದದ್ದೆಲ್ಲ ಪುಸ್ತಕದ್ದು.

ಮೈಕಮ್ಮ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಮೊದಲ ವಾಕ್ಯವೇ ಉದ್ದ, ಮೊದಲ ವಾಕ್ಯವೇ ಬಡಾಯಿ. ಅವಳ ಕೈ ಆಗಲೇ ಚಮಚದ ಕಡೆ ಹೊರಟಿತ್ತು. ಅಷ್ಟರಲ್ಲಿ ಮೇಜಿನ ಆ ಕಡೆಯಿಂದ ಸ್ಟೀಲಿನ ಸದ್ದು ಬಂತು.

ಮೈಕಮ್ಮ ಓದುವುದನ್ನು ನಿಲ್ಲಿಸಿ ಮೈಕನ್ನು ಹುಡುಗಿಯ ಕಡೆಗೆ ತಿರುಗಿಸಿದಳು.