ಎರಡನೇ ಟ್ರೇಲರ್

ಗಿರಿಜವ್ವ ಹಟ ಹಿಡಿದಳೆಂದರೆ ಮುಗಿಯಿತು. ಉಗಾರದ ಸಕ್ಕರೆ ಕಾರ್ಖಾನೆಗೆ ಹೋಗುವ ಹಳ್ಳಿ ರಸ್ತೆಯಲ್ಲಿ, ಕಾಲುವೆ ಸೇತುವೆಯ ಏರಿಗೇ, ಬಿಸಿಲೇರುವ ಮೊದಲು ಜಮಖಾನೆ ಹಾಸಿ ಕೂತುಬಿಟ್ಟಳು. ಹಿಂದೆ ಊರಿನ ಹೆಂಗಸರೆಲ್ಲ. ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತು, ಸಾಲು ಊರಿನ ಅಗಸೆ ಬಾಗಿಲು ದಾಟಿತು. ಸೇತುವೆಯ ಆಚೆ ಖಾಲಿಯಾಗಿ ಮರಳುವವೂ ನಿಂತವು.

ಬೇಡಿಕೆ ಒಂದೇ: ಒಂದು ಟ್ರ್ಯಾಕ್ಟರಿಗೆ ಒಂದೇ ಟ್ರೇಲರ್. ಎರಡೆರಡು ಕಟ್ಟಿ, ಮುಗಿಲು ಮುಟ್ಟುವಂತೆ ಹೇರಿ, ಕಿವಿ ಹರಿಯುವಂತೆ ಹಾಡು ಹಚ್ಚಿಕೊಂಡು ಈ ಇಕ್ಕಟ್ಟಿನ ರಸ್ತೆಯಲ್ಲಿ ಬರುವುದು ನಿಲ್ಲಬೇಕು. ಹೋದ ಹಂಗಾಮಿನಲ್ಲಿ ಟ್ರೇಲರಿನಿಂದ ಹೊರಚಾಚಿದ ಕಬ್ಬೊಂದು ಅವಳ ಗಂಡ ವಿರುಪಾಕ್ಷಪ್ಪನ ಎಡಗಣ್ಣನ್ನೇ ತೆಗೆದಿತ್ತು. ಆ ಪುಣ್ಯಾತ್ಮ ಡ್ರೈವರ್ ತಿರುಗಿಯೂ ನೋಡಿರಲಿಲ್ಲ. ಈಗ ಅದೇ ರಸ್ತೆಯಲ್ಲಿ ಮಗ ಅಮೋಲ ದಿನಾ ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತಾನೆ. ಅವನು ಮನೆಗೆ ಬರುವತನಕ ಅವಳಿಗೆ ಗಂಟಲಲ್ಲಿ ಚಹಾ ಇಳಿಯುವುದಿಲ್ಲ.

“ಗಂಡನ ಕಣ್ಣ ಕೊಟ್ಟೇನ್ರಿ ಸಾಹೇಬ್ರ ಈ ರಸ್ತಾಕ್ಕ,” ಎಂದು, ರಸ್ತೆ ಬಿಡಿಸಲು ಬಂದ ಅಧಿಕಾರಿಗೆ ಮುಖದ ಮೇಲೆ ಹೊಡೆದಂತೆ ಹೇಳಿದಳು. “ಮಗನ್ನ ಕೊಡಂಗಿಲ್ಲ.”

ಅಧಿಕಾರಿ ಬೆವರೊರೆಸಿಕೊಂಡರು. ಅಲ್ಲಿಗೊಂದು ಫೋನು, ಇಲ್ಲಿಗೊಂದು ಫೋನು. ಕೊನೆಗೆ, ನಾಳೆಯಿಂದ ಈ ರಸ್ತೆಯಲ್ಲಿ ಎರಡನೇ ಟ್ರೇಲರ್ ಕಂಡರೆ ಹಿಡಿದು ಹಾಕುತ್ತೇವೆ ಎಂದು ಎಲ್ಲರೆದುರು ಮಾತು ಕೊಟ್ಟರು. ಕಬ್ಬು ಒಣಗುತ್ತದೆ, ಇವತ್ತು ನಿಂತವನ್ನು ಮಾತ್ರ ಬಿಡಿ ಎಂದರು. ಹೆಂಗಸರು ಗೆದ್ದೆವೆಂದು ಚಪ್ಪಾಳೆ ತಟ್ಟಿ ಎದ್ದರು. ಚಹಾ ಹಂಚುತ್ತಿದ್ದ ಅಮೋಲ ಅವ್ವನ ಕಡೆ ನೋಡಿ ಹೆಮ್ಮೆಯಿಂದ ನಕ್ಕ.

ಸಾಲಿನಲ್ಲಿ ಮೊದಲಿದ್ದದ್ದು ಊರಿನವನೇ ಆದ ಮಾಳೂನ ಟ್ರ್ಯಾಕ್ಟರು. ಏರಿನಲ್ಲಿ ನಿಂತ ಭಾರ, ಸುಮ್ಮನೆ ಕದಲೀತೇ? ಗೇರು ಹಾಕಿದ ಕೂಡಲೇ ಹಿಂದಿನ ಎರಡು ಟ್ರೇಲರ್ ಜಗ್ಗಿ, ಮುಂದಿನ ಗಾಲಿಗಳೆರಡೂ ನೆಲ ಬಿಟ್ಟೆದ್ದವು. ಬ್ರೇಕು ತುಳಿದು ಮತ್ತೆ ಪ್ರಯತ್ನಿಸಿದ; ಮತ್ತೆ ಎದ್ದವು. ಈ ಸೀಮೆಯಲ್ಲಿ ಇದಕ್ಕೊಂದು ಎಲ್ಲರಿಗೂ ಗೊತ್ತಿರುವ ಉಪಾಯವಿದೆ. ಒಬ್ಬಿಬ್ಬರು ಮುಂದಿನ ಬಂಪರ್ ಹತ್ತಿ ನಿಂತರೆ ಅವರ ಭಾರಕ್ಕೆ ಗಾಲಿ ನೆಲ ಹಿಡಿಯುತ್ತವೆ. ಅದನ್ನು ಇಲ್ಲಿ ಯಾರೂ ಅಪಾಯ ಅನ್ನುವುದಿಲ್ಲ, ಉಪಕಾರ ಅನ್ನುತ್ತಾರೆ.

“ಅಮೋಲಾ, ಏನ್ ನೋಡ್ಕೋತ ನಿಂತೀಲೇ? ಹತ್ತ ಮುಂದ! ಪಾಪ, ಹುಡುಗ ಎಷ್ಟ ಒದ್ದಾಡಾಕತ್ತಾನ.”

ಹೇಳಿದವಳು ಬೇರೆ ಯಾರೂ ಅಲ್ಲ, ಗಿರಿಜವ್ವ.

ಅಮೋಲ ಚಹಾದ ಕಿಟ್ಲಿ ಕೆಳಗಿಟ್ಟು ಬಂಪರ್ ಹತ್ತಿದ. ಯಾರೋ ಸಿಳ್ಳೆ ಹಾಕಿದರು. ಟ್ರ್ಯಾಕ್ಟರು ಅಬ್ಬರಿಸಿತು. ಗಾಲಿಗಳು ಅವನನ್ನೂ ಹೊತ್ತುಕೊಂಡೇ ಮೇಲೆದ್ದು, ಧೊಪ್ಪನೆ ನೆಲಕ್ಕೆ ಬಡಿದವು. ಅಮೋಲ ಮುಂದಕ್ಕೆ ಬಿದ್ದ. ಅಷ್ಟರಲ್ಲಿ ಟ್ರ್ಯಾಕ್ಟರು ಮುಂದೆ ನುಗ್ಗಿಯಾಗಿತ್ತು.

ಗಿರಿಜವ್ವನಿಗೆ ಏನೂ ಕೇಳಿಸಲಿಲ್ಲ. ಮಾಳು ಬಾಯಿ ತೆರೆದು ಕಿರುಚುವುದು ಕಂಡಿತು. ಗಾಲಿಯ ಕೆಳಗೆ ಮಗನ ಎರಡೂ ಕಾಲು ಕಂಡವು. ಅವನಿಗೆ ಎಚ್ಚರವಿತ್ತು, ಅವ್ವನನ್ನೇ ನೋಡುತ್ತಿದ್ದ.

ಮಿರಜದ ಆಸ್ಪತ್ರೆಗೆ ಒಯ್ಯಬೇಕು. ಗಾಡಿ ಬರಲು ದಾರಿಯೆಲ್ಲಿ? ಈಚೆ ತುಂಬಿದ ಟ್ರ್ಯಾಕ್ಟರು, ಆಚೆ ಖಾಲಿ ಟ್ರ್ಯಾಕ್ಟರು, ಎಲ್ಲ ಗಿರಿಜವ್ವ ಮತ್ತವಳ ಹೆಂಗಸರೇ ನಿಲ್ಲಿಸಿದ್ದು. ಅಧಿಕಾರಿಯ ಜೀಪೂ ಆಚೆ ಸಾಲಿನ ಕೊನೆಗಿತ್ತು. ಅಮೋಲನನ್ನು ಕಂಬಳಿಯಲ್ಲಿ ಎತ್ತಿಕೊಂಡು, ಟ್ರೇಲರುಗಳ ಸಂದಿಯಲ್ಲಿ ಅಡ್ಡಡ್ಡ ನುಸುಳುತ್ತ ಜೀಪಿನತನಕ ಒಯ್ದರು.

ಸುದ್ದಿ ಕೇಳಿ ಅವನ ಹೆಂಡತಿ ರೂಪಾಲಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಗಂಡನ ಕಾಲು ನೋಡಿದಳು.

“ಇವರನ್ನ ಅದರ ಮ್ಯಾಲ ಹತ್ತಿಸಿದವರ ಯಾರು?”

ಮಾಳು ತಲೆ ತಗ್ಗಿಸಿದ.

“ನಾನ ಹೇಳೇನವಾ,” ಎಂದಳು ಗಿರಿಜವ್ವ. “ನಾನ ಹತ್ತಂದೆ.”

ರೂಪಾಲಿ ನಂಬಲಿಲ್ಲ. ಪಾಪ, ಅತ್ತೆಗೆ ದಿಕ್ಕು ತಪ್ಪಿದೆ ಎಂದುಕೊಂಡು, ಅವಳ ಭುಜ ಹಿಡಿದು ಜೀಪಿನಲ್ಲಿ ಕೂರಿಸಿದಳು. ಆಮೇಲೆ ಜನರ ಕಡೆ ತಿರುಗಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಜೋರಾಗಿ ಕೇಳಿದಳು.