ಜಾಲರಿಗೆ ಸಿಕ್ಕವರು

ದೇಶಕ್ಕೆ ದೇಶವೇ ಬೇರೊಂದು ಲೋಕಕ್ಕೆ ಬಂದು ಬಿದ್ದು ಏಳು ತಿಂಗಳಾಗಿತ್ತು. ಒಂದು ಮುಂಜಾನೆ ಎದ್ದು ನೋಡಿದರೆ ಗಡಿಯಾಚೆ ನೆರೆಯ ದೇಶಗಳೇ ಇಲ್ಲ. ಮೇಲೆ ಎರಡು ಚಂದ್ರ. ಇದು ಹೇಗಾಯಿತೆಂದು ಕೇಳಿದರೆ ವಿಜ್ಞಾನಿಗಳೂ ಕೈಚೆಲ್ಲಿದ್ದರು. ಆದರೂ ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರಲೇಬೇಕೆಂಬ ನಮ್ಮ ಜನರ ಹಟ ಮಾತ್ರ ಒಂದಿಷ್ಟೂ ಕದಲಿರಲಿಲ್ಲ.

ನದಿಯ ಮೂಲ ಹಳೆಯ ಲೋಕದಲ್ಲೇ ಉಳಿದು, ಊರಿಗೆ ಗಡಿಯಾಚೆಯ ಕೆರೆಯೊಂದೇ ಗತಿಯಾಗಿತ್ತು. ಅದರ ದಂಡೆಯಲ್ಲಿ ಹಸಿರು ಮೈಯ ಜನ ವಾಸವಾಗಿದ್ದರು. ಅವರು ಅಡ್ಡ ಬರದಂತೆ ತಂತಿಬೇಲಿ ಬಿಗಿದು ಪಂಪು ಕೂರಿಸಲಾಗಿತ್ತು.

ಪಂಪ್ ಆಪರೇಟರ್ ಕೆಟ್ಟವನೇನಲ್ಲ. ಅವನ ಹೆಂಡತಿ ತುಂಬು ಬಸುರಿ, ಆಸ್ಪತ್ರೆ ಸೇರಿ ನಾಲ್ಕು ದಿನವಾಗಿತ್ತು. ಆಪರೇಷನ್ ಆಗಲೇಬೇಕು, ಬಹುಶಃ ಇವತ್ತೇ ಎಂದಿದ್ದರು ಡಾಕ್ಟರು. ಪಂಪು ನಿಂತರೆ ಆಸ್ಪತ್ರೆಯ ಟ್ಯಾಂಕು ಮಧ್ಯಾಹ್ನದೊಳಗೆ ಬರಿದು. ಹಾಗಾಗಿ ಅವನು ಒಂದು ನಿಮಿಷವೂ ತಡಮಾಡದೆ ಮೋಟಾರು ಓಡಿಸುತ್ತಿದ್ದ. ತೊಂದರೆ ಕೊಡುತ್ತಿದ್ದುದು ನೀರೆಳೆಯುವ ಪೈಪಿನ ಬಾಯಿಗೆ ಬಿಗಿದ ಜಾಲರಿಯೊಂದೇ. ಮೂರು ವಾರದಿಂದ ನಿಂಬೆಹಣ್ಣಿನ ಗಾತ್ರದ ಲೋಳೆ ಉಂಡೆಗಳು ಅದಕ್ಕೆ ಮೆತ್ತಿಕೊಳ್ಳುತ್ತಿದ್ದವು. ಬಾಯಿಗೆ ಬಂದಂತೆ ಬೈಯುತ್ತ ಅವನ್ನು ಕೆರೆದು ಬಕೆಟ್ಟಿಗೆ ತುಂಬಿ, ಪಂಪ್‌ಹೌಸಿನ ಹಿಂದೆ ಬಿಸಿಲಿಗೆ ಸುರಿಯುತ್ತಿದ್ದ.

ಅಂದೂ ಕೆರೆದು, ಮೋಟಾರು ಹಾಕಿ, ಬಕೆಟ್ ಎತ್ತಿಕೊಂಡು ಹೊರಟಿದ್ದ. ಬೇಲಿಯ ಬಾಗಿಲಲ್ಲಿ ಹಸಿರು ಮೈಯ ಹೆಂಗಸೊಬ್ಬಳು ನಿಂತಿದ್ದಳು. ಏನೋ ಬೇಡಲು ಬಂದಿರಬೇಕೆಂದುಕೊಂಡು ಆಚೆ ಹೋಗೆಂದು ಕೈಬೀಸಿದ. ಅವಳು ಕದಲಲಿಲ್ಲ. ಊರಿನವರಿಗೆ ಮೀನು ಮಾರಿ ನಾಲ್ಕು ಮಾತು ಕಲಿತಿದ್ದಳು. ಬಕೆಟ್ಟಿನಲ್ಲಿರುವುದನ್ನು ಏನು ಮಾಡುತ್ತೀಯ ಎಂದು ಕೇಳಿದಳು.

"ಹಿಂದಕ್ಕೆ ಎಸೀತೀನಿ. ಯಾಕಮ್ಮ, ನಿನಗೆ ಬೇಕಿತ್ತಾ?"

"ಮಕ್ಕಳು, ಅಣ್ಣ," ಎಂದಳು. "ನಮ್ಮವು. ನೀರಲ್ಲಿ ಬಿಟ್ಟಿರ್ತೀವಿ. ಅಲ್ಲೇ ಬೆಳೀತಾವೆ."

ಅವಳು ಅವನನ್ನು ದಾಟಿ ಹಿಂಭಾಗಕ್ಕೆ ಹೋದಳು. ಒಣಗಿ ಸುಕ್ಕಾದ ರಾಶಿಯ ಮುಂದೆ ಕುಳಿತು ಒಂದೊಂದನ್ನೇ ಎತ್ತಿ ಕಿವಿಗೆ ಹಿಡಿದಳು, ಕೆಳಗಿಟ್ಟಳು. ರಾಶಿ ಮುಗಿಯುವವರೆಗೂ ಅವನು ನಿಂತೇ ಇದ್ದ. ಕೊನೆಗೆ ಅವಳು ಬಕೆಟ್ಟಿನಿಂದ ಒಂದನ್ನು ತೆಗೆದು ಅವನ ಅಂಗೈಗಿಟ್ಟಳು. ತೆಳು ಪೊರೆಯೊಳಗೆ ಏನೋ ಒದೆಯಿತು. ಹೆಂಡತಿಯ ಹೊಟ್ಟೆಯ ಮೇಲೆ ಕೈಯಿಟ್ಟಾಗಲೂ ಹೀಗೇ ಒದೆಯುತ್ತಿತ್ತು. ಅಯ್ಯೋ ದೇವರೇ, ಎಷ್ಟು ಬಕೆಟ್ ಸುರಿದೆ ನಾನು ಎಂದುಕೊಂಡ.

ಓಡಿಹೋಗಿ ಮೋಟಾರು ನಿಲ್ಲಿಸಿದ. ಬಕೆಟ್ಟಿನಲ್ಲಿದ್ದುದನ್ನೆಲ್ಲ ಮೆಲ್ಲಗೆ ಕೆರೆಗೆ ಬಿಟ್ಟ. ಅಷ್ಟರಲ್ಲಿ ಎಂಜಿನಿಯರ್ ಸಾಹೇಬರ ಫೋನು. ಟ್ಯಾಂಕಿಗೆ ನೀರು ಬರುವುದು ನಿಂತಿದೆಯೆಂದು ಆಸ್ಪತ್ರೆಯವರು ಬೊಬ್ಬೆ ಹಾಕುತ್ತಿದ್ದಾರೆ, ಮೋಟಾರು ಸುಟ್ಟಿತೇ, ಮೆಕ್ಯಾನಿಕ್ ಕಳಿಸಲೇ ಎಂದು ಕೇಳಿದರು. ಹೌದು ಎಂದುಬಿಟ್ಟರೆ ಅವನು ಬಚಾವು. ಆದರೆ ಮೆಕ್ಯಾನಿಕ್ ಬಂದು ಮತ್ತೆ ಮೋಟಾರು ಓಡಿಸುತ್ತಾನೆ.

"ಮೋಟಾರ್ ಚೆನ್ನಾಗಿದೆ ಸಾರ್. ನಾನೇ ನಿಲ್ಲಿಸಿದೀನಿ."

"ತಲೆ ಕೆಟ್ಟಿದೆಯೇನೋ? ಮೂವತ್ತು ಜನ ಬಾಣಂತಿಯರಿದಾರೆ ಅಲ್ಲಿ. ನಿನ್ನ ಹೆಂಡ್ತಿನೂ ಅಲ್ಲೇ ಇದಾಳೆ."

"ಗೊತ್ತು ಸಾರ್. ಇಷ್ಟು ದಿನ ನಾನು ಹೊರಗೆಸೀತಿದ್ದದ್ದು ಇಲ್ಲಿಯವರ ಮಕ್ಕಳನ್ನ. ಟ್ಯಾಂಕರ್ ಕಳಿಸಿ, ಜನಾನ ಕಳಿಸಿ. ಕೈಯಲ್ಲೇ ಮೊಗೆದು ತುಂಬೋಣ. ನೀರು ಮಾತ್ರ ಬರುತ್ತೆ."

ಸಾಹೇಬರು ಫೋನಿಟ್ಟರು. ಟ್ಯಾಂಕರ್ ಕಳಿಸುತ್ತಾರೋ ಪೊಲೀಸರನ್ನು ಕಳಿಸುತ್ತಾರೋ ಅವನಿಗೆ ತಿಳಿಯಲಿಲ್ಲ. ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಬಕೆಟ್ ತೊಳೆದು, ಮೊಣಕಾಲುದ್ದ ನೀರಿಗಿಳಿದ. ಸುತ್ತಲೂ ಉಂಡೆಗಳು ತೇಲುತ್ತಿದ್ದವು. ಬಕೆಟ್ ಮುಳುಗಿಸಲು ಕೈ ಬರಲಿಲ್ಲ.

"ಒಂದು ಬಕೆಟ್ ತಗೊಳ್ಳಲಾ ಅಮ್ಮ?" ಎಂದ. "ಹೆಂಡತಿ ಆಸ್ಪತ್ರೇಲಿದಾಳೆ. ಬಸುರಿ."

ಅವಳು ಪಂಪ್‌ಹೌಸಿನ ಹಿಂದಿನ ರಾಶಿಯ ಕಡೆ ಬಹಳ ಹೊತ್ತು ನೋಡಿದಳು. ಆಮೇಲೆ ನೀರಿಗಿಳಿದು ಅವನ ಪಕ್ಕಕ್ಕೆ ಬಂದು, ಎರಡೂ ಕೈಗಳಿಂದ ತನ್ನವರ ಮಕ್ಕಳನ್ನು ಒತ್ತಟ್ಟಿಗೆ ಸರಿಸಿ, ಬಕೆಟ್ಟಿಗೆ ಜಾಗ ಮಾಡಿಕೊಟ್ಟಳು.