ಹಿಂದಿನ ಎರಡು ಚಕ್ರ

ಅಂಗೈಯಗಲದ ಪರದೆಯ ಮೇಲೆ ರೋಬೋಟ್ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ನೇರಕ್ಕೆ ಹೋಗುವಾಗ ಅದರದೇನೂ ತಕರಾರಿಲ್ಲ. ಎಡಕ್ಕೋ ಬಲಕ್ಕೋ ತಿರುಗು ಅಂದ ಕೂಡಲೇ ನಾಲ್ಕೂ ಚಕ್ರ ನೆಲ ಕಚ್ಚಿ ಹಿಡಿದು, ಮೈಯೆಲ್ಲ ಅದುರಿ, ಒಂದು ನೆಗೆತ ನೆಗೆದು, ಹೊತ್ತಿದ್ದ ಮರದ ತುಂಡನ್ನು ಕೆಡವಿ ಸುಮ್ಮನಾಗುತ್ತಿತ್ತು. ನಯನ ಹಿತ್ತಲ ಬಚ್ಚಲಮನೆಯ ಗೋಡೆಗೆ ಒರಗಿ, ರೇಷ್ಮೆ ಸೀರೆಯ ನೆರಿಗೆ ಒದ್ದೆಯಾಗದಂತೆ ಮೊಣಕಾಲ ನಡುವೆ ಅವುಚಿಕೊಂಡು, ಕಾಲೇಜಿನ ಗೆಳತಿ ಸ್ಫೂರ್ತಿ ಕಳಿಸಿದ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದಳು.

ಒಳಗೆ ಮನೆ ತುಂಬ ಜನ. ಮಠದ ಸ್ವಾಮಿಗಳು ಪಾದಪೂಜೆಗೆ ದಯಮಾಡಿಸುವ ದಿನ ಅದು. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಕೂತು ಪೂಜೆ ಮಾಡುವುದು ಅಜ್ಜಂಪುರದ ಆ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿ. ದಿನ ಗೊತ್ತುಮಾಡಿದ್ದು ಮಠದವರು. ಅದೇ ದಿನ ದಾವಣಗೆರೆಯ ಕಾಲೇಜೊಂದರಲ್ಲಿ ರೋಬೋಟ್ ಸ್ಪರ್ಧೆ. ಸ್ವಾಮಿಗಳಿಗೆ ಸ್ಪರ್ಧೆಯ ವಿಷಯ ಗೊತ್ತಿರಲು ಸಾಧ್ಯವಿಲ್ಲ, ಕಾಲೇಜಿನವರಿಗೆ ಪಾದಪೂಜೆಯ ವಿಷಯ ಗೊತ್ತಿರಲು ಸಾಧ್ಯವಿಲ್ಲ. ಎರಡೂ ಗೊತ್ತಿದ್ದವಳು ನಯನ ಒಬ್ಬಳೇ. ಅವಳು ಮದುವೆಯಾಗಿ ಬಂದು ಎರಡು ತಿಂಗಳೂ ತುಂಬಿರದ ಸೊಸೆ, ಬಾಯಿ ಬಿಟ್ಟಿರಲಿಲ್ಲ.

ಹಾಗಂತ ಅವಳ ಅತ್ತೆಯ ಮನೆಯವರು ಕೆಟ್ಟವರೇನಲ್ಲ. ಡಿಪ್ಲೊಮಾದ ಕೊನೆಯ ಪರೀಕ್ಷೆಗೆ ಕಳಿಸುತ್ತೇವೆ ಎಂದು ಮಾತು ಕೊಟ್ಟೇ ಸೊಸೆಯನ್ನು ತಂದವರು. ಪರೀಕ್ಷೆ ಅಂದರೆ ಅವರಿಗೆ ಅರ್ಥವಾಗುತ್ತಿತ್ತು. ನಾಲ್ಕು ಚಕ್ರದ ಆಟದ ಸಾಮಾನಿನಂಥದ್ದೊಂದು ಮರದ ತುಂಡು ಹೊತ್ತುಕೊಂಡು ಓಡುವುದನ್ನು ನೋಡಲು ದಾವಣಗೆರೆಗೆ ಹೋಗಬೇಕು ಅಂದರೆ ಹೇಗೆ ಅರ್ಥಮಾಡಿಸುವುದು? ಆ ಗಾಡಿಯಲ್ಲಿ ಉಳಿದಿದ್ದೆಲ್ಲ ಗೆಳೆಯರದು, ಚಕ್ರ ಮಾತ್ರ ತನ್ನದು, ಅದು ಜನರ ಮುಂದೆ ಉರುಳುವುದನ್ನು ಕಣ್ಣಾರೆ ನೋಡಬೇಕು ಎಂದು ಹೇಳುವುದು ಯಾರಿಗೆ? ಬೆಳಗಿನಿಂದ ಹೋಳಿಗೆಗೆ ಹೂರಣ ರುಬ್ಬುತ್ತ ಅವಳು ಇದನ್ನೇ ನುಂಗಿಕೊಂಡಿದ್ದಳು.

ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಚಕ್ರ ಬೇಡ, ನಾವೇ ಮಾಡೋಣ ಎಂದು ಹಟ ಹಿಡಿದವಳು ಅವಳೇ. ಕಡೂರಿನ ಕಾಲೇಜಿನ ಕಂಪ್ಯೂಟರಿನಲ್ಲಿ ಚಕ್ರದ ಒಡಲನ್ನು ಬಿಡಿಸಿ, ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆಸಿದ್ದಳು. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ್ದ ಟ್ರ್ಯಾಕ್ಟರ್ ಟ್ಯೂಬನ್ನು ಬೇಡಿ ತಂದು, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಬ್ಲೇಡಿನಿಂದ ಓರೆ ಓರೆಯಾಗಿ ಗೆರೆ ಕೊರೆದು ಚಕ್ರಕ್ಕೆ ಅಂಟಿಸಿದ್ದಳು. ಮೊದಲ ಸಲ ಜಾರಿತು. ಗೆರೆ ಆಳ ಮಾಡಿದಳು. ಮತ್ತೂ ಜಾರಿತು. ಪಟ್ಟಿ ಅಗಲ ಮಾಡಿದಳು. "ಇದ್ರಲ್ಲಿ ಗದ್ದೆ ಉಳ್ತೀಯೇನೇ?" ಎಂದು ಗಾಡಿ ಓಡಿಸುವ ಹೊನ್ನೇಶ ಗೇಲಿ ಮಾಡುತ್ತಿದ್ದ. ಮದುವೆಯ ಹಿಂದಿನ ವಾರದವರೆಗೂ ಅವಳ ಬೆರಳ ತುದಿಯಲ್ಲಿ ಬ್ಲೇಡಿನ ಗಾಯಗಳಿದ್ದವು. ಮೆಹಂದಿ ಹಾಕಿದವಳು ಇದೇನು ತಾಯಿ ಎಂದು ಗಾಬರಿಯಾಗಿದ್ದಳು.

ಫೋನು ಮತ್ತೆ ನಡುಗಿತು. ಸ್ಫೂರ್ತಿ.

"ನೋಡ್ದೇನೇ? ಬೆಳಗ್ಗಿಂದ ಹಿಂಗೇ ಆಡ್ತೈತೆ. ಮೋಟ್ರು ಹೋಗೈತೆ ಅಂತಾನೆ ಹೊನ್ನೇಶ."

"ಮೋಟ್ರು ಅಲ್ಲ. ಅಲ್ಲಿ ನೆಲ ಹೆಂಗೈತೆ?"

"ಒರಟು ಮ್ಯಾಟು ಹಾಸವ್ರೆ. ಬರಿಗಾಲಲ್ಲಿ ನಿಂತ್ರೆ ಚುಚ್ತೈತೆ."

ನಯನ ಕಣ್ಣು ಮುಚ್ಚಿಕೊಂಡಳು. ಅವಳ ಅಪ್ಪ ಬೆನಕಪ್ಪನದು ಕಡೂರಿನಲ್ಲಿ ಕೊಬ್ಬರಿ ಮಂಡಿ. ಗಾಡಿಯನ್ನು ಓಡಿಸಿ ನೋಡಿದ್ದೆಲ್ಲ ಆ ಮಂಡಿಯ ಗೋದಾಮಿನಲ್ಲೇ. ಲ್ಯಾಬಿಗೆ ಸಂಜೆ ಬೀಗ ಬೀಳುತ್ತಿತ್ತು, ಗೋದಾಮು ವಿಶಾಲವಾಗಿತ್ತು, ಅಪ್ಪ ಬೇಡ ಅನ್ನುತ್ತಿರಲಿಲ್ಲ. ಅಜ್ಜನ ಕಾಲದಿಂದ ಕೊಬ್ಬರಿ ಚೀಲ ಎಳೆದೆಳೆದು, ಎಣ್ಣೆ ಇಳಿದಿಳಿದು, ಆ ನೆಲ ಕನ್ನಡಿಯಾಗಿತ್ತು. ಮೊದಲ ದಿನವೇ ಹೊನ್ನೇಶ ಅಲ್ಲಿ ದಬಕ್ಕನೆ ಬಿದ್ದಿದ್ದ. ಅಮಲ್ದಾರರ ಹಾಗೆ ಎದೆ ಸೆಟೆಸಿ ನಡೆದರೆ ಇನ್ನೇನಾಗುತ್ತದೆ ಎಂದು ಅವಳು ನಕ್ಕಿದ್ದಳು. ಅವಳು ಅಂಬೆಗಾಲಿಟ್ಟಿದ್ದು, ಎದ್ದು ನಿಂತಿದ್ದು, ನಡೆಯಲು ಕಲಿತಿದ್ದು ಎಲ್ಲ ಆ ನೆಲದ ಮೇಲೆ. ನೆಲ ಅಂದರೆ ಹಾಗೇ ಇರುತ್ತದೆ ಅಂದುಕೊಂಡವಳಿಗೆ ಚಕ್ರ ಜಾರಿದರೆ ತಪ್ಪು ಚಕ್ರದ್ದೇ ಅನ್ನಿಸದೆ ಇನ್ನೇನು? ಎಣ್ಣೆ ನೆಲಕ್ಕೆ ಕಚ್ಚುವ ಹಾಗೆ ಮಾಡಿದ ಚಕ್ರ ಒರಟು ನೆಲವನ್ನು ಬಿಡಲೊಲ್ಲೆ ಅನ್ನುತ್ತಿತ್ತು.

"ಮಂಡಿ ನೆಲಕ್ಕೆ ಮಾಡ್ಬಿಟ್ಟಿದೀನಿ ಕಣೇ," ಅಂದಳು. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು. ತಿರುಗಬೇಕಾದರೆ ಚಕ್ರ ಕೊಂಚ ಪಕ್ಕಕ್ಕೆ ಜಾರಬೇಕು. ನಾಲ್ಕೂ ಹಿಡಿದುಕೊಂಡು ಕೂತರೆ ಗಾಡಿ ನೆಗೆಯದೆ ಏನು ಮಾಡುತ್ತದೆ ಎಂದು ವಿವರಿಸಿದಳು.

"ಹಿಂದಿನ ಎರಡು ಚಕ್ರದ ರಬ್ಬರು ಕಿತ್ತಾಕು. ವೈರಿಗೆ ಸುತ್ತೋ ಟೇಪು ಐತಲ್ಲ, ಅದನ್ನ ನುಣ್ಣಗೆ ಸುತ್ತು. ಮುಂದಿನವು ಎಳೀತವೆ, ಹಿಂದಿನವು ಜಾರ್ತವೆ."

"ನಾನು ಕೀಳಲ್ಲ ಕಣೇ," ಅಂದಳು ಸ್ಫೂರ್ತಿ. "ನೀನಂತೂ ಬರ್ಲಿಲ್ಲ, ನೀನು ಕೊರೆದಿದ್ದಾದ್ರೂ ಜೊತೇಲೈತೆ ಅಂದ್ಕೊಂಡಿದ್ದೆ."

ನಯನಳೂ ಅದನ್ನೇ ಅಂದುಕೊಂಡಿದ್ದಳು. ತಾನು ಇಲ್ಲಿ ಹೂರಣ ರುಬ್ಬುತ್ತಿದ್ದರೂ ಅಲ್ಲಿ ಉರುಳುವುದು ತನ್ನ ಕೈ ಎಂಬ ಒಂದೇ ಸಮಾಧಾನದಲ್ಲಿ ಬೆಳಗಿನಿಂದ ಓಡಾಡಿದ್ದಳು.

"ಕೀಳು ಸ್ಫೂರ್ತಿ. ತಿರುಗ್ದೇ ಇರೋದನ್ನ ನಂದು ಅಂತ ಹೇಳ್ಕೊಳ್ಳೋಕೆ ನಂಗಿಷ್ಟ ಇಲ್ಲ."

ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದರೆ ಬಾಗಿಲಲ್ಲಿ ಅತ್ತೆ. ಗುರುಶಾಂತಮ್ಮನವರ ಕೈಯಲ್ಲಿ ಪಾದಪೂಜೆಯ ಬೆಳ್ಳಿ ತಟ್ಟೆ, ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಸೊಸೆಯ ಮುಖ ನೋಡಿ ಅವರು ತವರಿನಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡರು.

"ಯಾರಿಗೇನಾಯ್ತವ್ವಾ?"

"ಯಾರಿಗೂ ಏನಿಲ್ಲ ಅತ್ತೆ. ಗಾಡಿ ತಿರುಗ್ತಿಲ್ಲ."

"ಯಾರ ಗಾಡಿ?"

ನಯನ ಹೇಳಿಬಿಟ್ಟಳು. ಚಕ್ರ, ರಬ್ಬರು, ದಾವಣಗೆರೆ, ಮಂಡಿ ನೆಲ, ಎಲ್ಲ ಒಂದರ ಮೇಲೊಂದು ಬಿದ್ದುಕೊಂಡು ಬಂದವು. ಗುರುಶಾಂತಮ್ಮನವರಿಗೆ ಎಷ್ಟು ತಿಳಿಯಿತೋ ಬಿಟ್ಟಿತೋ, ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ಪೂರ್ತಿ ಕೇಳಿದರು. ಇದನ್ನು ಮೊದಲೇ ಹೇಳುವುದಕ್ಕೆ ಏನಾಗಿತ್ತು ಎಂದು ಗದರಿದರು. ಮೊದಲೇ ಹೇಳಿದ್ದರೆ ಏನು ಮಾಡುತ್ತಿದ್ದರು ಎಂಬುದು ಅವರಿಗೂ ಗೊತ್ತಿರಲಿಲ್ಲ. ಸ್ವಾಮಿಗಳು ಆಗಲೇ ಬೀರೂರು ಬಿಟ್ಟಿದ್ದಾರಂತೆ, ಮುಖ ತೊಳೆದುಕೊಂಡು ಬಾ ಎಂದು ಹೇಳಿ ಒಳಗೆ ಹೋದರು.

ಪೂಜೆಗೆ ಕೂತಾಗ ನಯನಳ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಗಂಡ ಗುರುಮೂರ್ತಿ ನೀರು ಹಾಕಿದ, ಅವಳು ಸ್ವಾಮಿಗಳ ಪಾದ ತೊಳೆದಳು, ವಿಭೂತಿ ಹಚ್ಚಿದಳು, ಹೂವು ಏರಿಸಿದಳು. ಈಗ ಕೀಳುತ್ತಿರಬಹುದು, ಈಗ ಟೇಪು ಸುತ್ತುತ್ತಿರಬಹುದು ಎಂದುಕೊಳ್ಳುತ್ತಲೇ ಇದ್ದಳು. ಗೋಂದು ಗಟ್ಟಿ, ಸುಮ್ಮನೆ ಎಳೆದರೆ ಬರುವುದಿಲ್ಲ, ಬ್ಲೇಡು ತೂರಿಸಬೇಕೆಂದು ಹೇಳಲು ಮರೆತೆನಲ್ಲ ಎಂದು ಮಂಗಳಾರತಿಯ ನಡುವೆ ಜೀವ ಒದ್ದಾಡಿತು. ಸ್ವಾಮಿಗಳು ಪ್ರಸಾದ ಕೊಡುತ್ತ ಏನು ಓದಿದ್ದೀಯವ್ವಾ ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಗುರುಶಾಂತಮ್ಮನವರು ಹೇಳಿದರು:

"ಚಕ್ರ ಮಾಡ್ತಾಳೆ ಬುದ್ಧೀ."

ಕೂತಿದ್ದವರು ನಕ್ಕರು. ಸ್ವಾಮಿಗಳೂ ನಕ್ಕು ಒಳ್ಳೆಯದು ಅಂದರು. ನಯನ ತಲೆ ತಗ್ಗಿಸಿ ಸೆರಗಿನಿಂದ ಕಣ್ಣೊತ್ತಿಕೊಂಡಳು; ಭಕ್ತಿಗೆ ಹಾಗಾಯಿತೆಂದು ಪಕ್ಕದ ಮನೆಯ ಹನುಮಂತಮ್ಮ ಆಮೇಲೆ ಎಲ್ಲರಿಗೂ ಹೇಳಿದರು.

ಮಧ್ಯಾಹ್ನವೆಲ್ಲ ಸುದ್ದಿಯಿಲ್ಲ. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ನಯನ ತುಪ್ಪ ಬಡಿಸಿದ ಎಲೆಗೇ ಮತ್ತೆ ತುಪ್ಪ ಬಡಿಸಿದಳು. ಸ್ಫೂರ್ತಿಯ ಫೋನು ಸ್ವಿಚ್ ಆಫ್. ಹೊನ್ನೇಶ ಎತ್ತಲಿಲ್ಲ. ಊಟವಾದ ಮೇಲೆ ಜಮಖಾನ ಮಡಿಸುತ್ತಿದ್ದಾಗ ಒಂದು ಸಂದೇಶ ಬಂತು. ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಹೊರಟಿದ್ದೇವೆ, ಅಜ್ಜಂಪುರದಲ್ಲಿ ನಿಲ್ಲುತ್ತದೆ, ಬಾ, ಎಂದಷ್ಟೇ ಇತ್ತು. ಗೆದ್ದರೋ ಸೋತರೋ ಒಂದಕ್ಷರವಿಲ್ಲ. ಪೂಜೆಯ ದಿನ ಮನೆಯ ಸೊಸೆ ಸ್ಟೇಷನ್ನಿಗೆ ಹೋಗುವುದೆಂದರೇನು? ಅವಳು ಜಮಖಾನವನ್ನು ಮಡಿಸಿ, ಬಿಚ್ಚಿ, ಇನ್ನೊಮ್ಮೆ ಮಡಿಸಿದಳು.

ಗುರುಮೂರ್ತಿ ಮಿತಭಾಷಿ. ಗೊಬ್ಬರದ ಅಂಗಡಿಯಲ್ಲಿ ದಿನವಿಡೀ ರೈತರೊಂದಿಗೆ ಮಾತಾಡಿ ಮನೆಗೆ ಬರುವಷ್ಟರಲ್ಲಿ ಅವನ ಮಾತಿನ ದಾಸ್ತಾನು ಮುಗಿದಿರುತ್ತಿತ್ತು. ಜಮಖಾನದ ಪಕ್ಕ ಬಿದ್ದಿದ್ದ ಅವಳ ಫೋನಿನ ಸಂದೇಶದ ಮೇಲೆ ಕಣ್ಣಾಡಿಸಿ, ಅವನು ಬಾಗಿಲಲ್ಲಿ ನಿಂತು ಸ್ಕೂಟರಿನ ಕೀಲಿ ತಿರುಗಿಸುತ್ತ ಅಂದ:

"ಪಾತ್ರೆ ಅಂಗಡಿಗೆ ಹೋಗ್ಬೇಕು. ಬರ್ತೀಯಾ? ಸ್ಟೇಷನ್ನು ಅದೇ ದಾರೀಲೈತೆ."

ಬಾಡಿಗೆ ಪಾತ್ರೆ ಕೊಡುವ ಅಂಗಡಿ ಇರುವುದು ಸ್ಟೇಷನ್ನಿನ ಎದುರು ದಿಕ್ಕಿಗೆ. ಊರಿಗೆ ಹೊಸಬಳಾದರೂ ಅಷ್ಟು ಅವಳಿಗೆ ತಿಳಿದಿತ್ತು.

ರೈಲು ಬಂದಾಗ ಬಿಸಿಲು ಹಳದಿಗೆ ತಿರುಗಿತ್ತು. ಹಿಂದೆ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಪ್ಯಾಸೆಂಜರನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ ಎಂದು ಗುರುಮೂರ್ತಿ ವಿಚಾರಿಸಿಕೊಂಡು ಬಂದಿದ್ದ. ಬೋಗಿಯ ಬಾಗಿಲಲ್ಲಿ ಜೋತುಬಿದ್ದಿದ್ದ ಸ್ಫೂರ್ತಿ ರೈಲು ನಿಲ್ಲುವ ಮೊದಲೇ ಹಾರಿದಳು. ನಯನ ಕೇಳಿದ್ದು ಒಂದೇ ಮಾತು.

"ತಿರುಗ್ತಾ?"

"ತಿರುಗ್ತು ಕಣೇ. ಬುಗುರಿ ತಿರುಗ್ದಂಗೆ ತಿರುಗ್ತು. ಎರಡನೇ ಸುತ್ತಲ್ಲಿ ಸೋತ್ವಿ, ಅದು ಬೇರೆ ಕತೆ."

ಸೋಲಿನ ಕತೆ ಕೇಳಲು ಪುರುಸೊತ್ತಿರಲಿಲ್ಲ. ಹೊನ್ನೇಶ ರೋಬೋಟನ್ನು ಎತ್ತಿ ತಂದು ಪ್ಲಾಟ್‌ಫಾರಂ ಮೇಲಿಟ್ಟ. ರಿಮೋಟನ್ನು ನಯನಳ ಕೈಗೇ ಕೊಟ್ಟ. ಅವಳು ರೇಷ್ಮೆ ಸೀರೆಯಲ್ಲೇ ಕುಕ್ಕರುಗಾಲಲ್ಲಿ ಕೂತಳು. ಮುಂದಿನ ಚಕ್ರಗಳಲ್ಲಿ ತಾನು ಕೊರೆದ ಗೆರೆಗಳಿದ್ದವು. ಹಿಂದಿನವು ಕರಿ ಟೇಪು ಸುತ್ತಿಕೊಂಡು ಬೋಳಾಗಿದ್ದವು. ಆ ಬೋಳಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಗುಂಡಿ ಒತ್ತಿದಳು. ಗಾಡಿ ಮುಂದೆ ಹೋಯಿತು. ಬಲಕ್ಕೆ ಒತ್ತಿದಳು. ನೆಗೆಯಲಿಲ್ಲ, ಅದುರಲಿಲ್ಲ, ಮುಂದಿನ ಚಕ್ರ ನಿಂತಲ್ಲೇ ಸುತ್ತಿತು, ಹಿಂಭಾಗ ನುಣ್ಣಗೆ ಬಳುಕಿ ಸುತ್ತ ಬಂತು. ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡು ಬಂದು ನಿಂತರು. ನಯನ ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಮತ್ತೆ ಬಲಕ್ಕೆ. ಮದುವೆಯಾದ ಮೇಲೆ ಅವಳು ಇಷ್ಟು ಖುಷಿಯಾಗಿ ಏನನ್ನೂ ಮಾಡಿರಲಿಲ್ಲ. ಇದು ಮುಗಿಯುತ್ತದಲ್ಲ ಎಂದು ಆಗಲೇ ಸಂಕಟವೂ ಆಗುತ್ತಿತ್ತು.

ಎಕ್ಸ್‌ಪ್ರೆಸ್ ಧೂಳೆಬ್ಬಿಸಿಕೊಂಡು ಹಾದುಹೋಯಿತು. ಸ್ವಲ್ಪದರಲ್ಲೇ ಪ್ಯಾಸೆಂಜರ್ ಕೂಗಿತು. ಸ್ಫೂರ್ತಿ, ಹೊನ್ನೇಶ ಓಡಿ ಹತ್ತಿದರು. ನಯನ ರೋಬೋಟನ್ನು ಎತ್ತಿಕೊಂಡು ಬಾಗಿಲಿಗೆ ಬಂದು, ಎಟುಕಲೆಂದು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಮೇಲಕ್ಕೆ ಚಾಚಿದಳು. ಹೊನ್ನೇಶ ಅದನ್ನು ತೆಗೆದುಕೊಂಡ. ಸ್ಫೂರ್ತಿ ಅವಳ ಕೈ ಹಿಡಿದಳು, ಬಿಡಲಿಲ್ಲ.

"ಬಾರೇ, ಕಡೂರು ತನಕ."

ತಮಾಷೆಗೆ ಅಂದದ್ದು. ಅಂದವಳ ಕಣ್ಣಲ್ಲಿ ತಮಾಷೆ ಇರಲಿಲ್ಲ. ನಯನಳ ಕಾಲು ಮೆಟ್ಟಿಲ ಮೇಲೇ ಇತ್ತು. ಬೀರೂರು, ಅದಾದ ಮೇಲೆ ಕಡೂರು. ಸ್ಟೇಷನ್ನಿನಿಂದ ನಡೆದರೆ ಮಂಡಿ, ಅಲ್ಲಿಂದ ಮುಂದೆ ಕಾಲೇಜು, ಲ್ಯಾಬಿನ ಮೂಲೆಯಲ್ಲಿ ಅವಳು ಕೂರುತ್ತಿದ್ದ ಸ್ಟೂಲು. ಹೋಗಬೇಕು ಅನ್ನಿಸಿತು. ಬಾಯಾರಿದವರಿಗೆ ನೀರು ಬೇಕು ಅನ್ನಿಸುವಷ್ಟೇ ನಿಚ್ಚಳವಾಗಿ ಅನ್ನಿಸಿತು. ಅವಳು ಹಿಂತಿರುಗಿ ನೋಡಿದಳು. ಗುರುಮೂರ್ತಿ ಚಹಾ ಅಂಗಡಿಯ ಹತ್ತಿರ ಬೇಕೆಂದೇ ಬೇರೆ ಕಡೆ ಮುಖ ಮಾಡಿ ನಿಂತಿದ್ದ. ಬೋಗಿ ಒಮ್ಮೆ ಜಗ್ಗಿತು. ಅವಳ ಕಾಲು ನೆಲಕ್ಕೆ ಬಂತು, ಕೈ ತಪ್ಪಿತು.

ಕೊನೆಯ ಬೋಗಿ ದಾಟಿ ಸದ್ದು ಅಡಗಿದ ಮೇಲೂ ನಯನ ಅಲ್ಲೇ ನಿಂತಿದ್ದಳು. ಪ್ಲಾಟ್‌ಫಾರಮ್ಮಿನ ಕೆಂಪು ಧೂಳಿನಲ್ಲಿ ಗಾಡಿ ತಿರುಗಿದ ಗುರುತು ಹಾಗೇ ಇತ್ತು. ಹೊರಗೆ ಟೇಪು ಸುತ್ತಿದ ಚಕ್ರಗಳು ಧೂಳನ್ನು ಗುಡಿಸಿಕೊಂಡು ಹೋದ ದೊಡ್ಡ ಕಮಾನು. ಒಳಗೆ ಚಿಕ್ಕದೊಂದು ಸುತ್ತು, ಅದರ ತುಂಬ ಓರೆ ಓರೆ ಗೆರೆ.

ಗುರುಮೂರ್ತಿ ಬಂದು ಪಕ್ಕದಲ್ಲಿ ನಿಂತ.

"ಇದ್ರಲ್ಲಿ ನಿಂದು ಯಾವ್ದು?"

ಅವಳು ಕಾಲಬೆರಳಿನಿಂದ ಒಳಗಿನ ಸುತ್ತನ್ನು ತೋರಿಸಿದಳು. ಅವನು ಮೊಣಕಾಲಿನ ಮೇಲೆ ಕೈಯೂರಿ, ಬಗ್ಗಿ, ಗೆರೆಗಳನ್ನು ಒಂದೊಂದಾಗಿ ನೋಡಿದ. ಅಷ್ಟರಲ್ಲಿ ಮೂಟೆ ಹೊತ್ತ ಮುದುಕರೊಬ್ಬರು ಆ ಕಡೆಯಿಂದ ನೇರ ಇವರತ್ತ ಬರುತ್ತಿದ್ದರು. ಗುರುಮೂರ್ತಿ ಬಗ್ಗಿದ್ದವನು ಹಾಗೇ ಒಂದು ಕೈ ಎತ್ತಿ, ಸ್ವಲ್ಪ ಸುತ್ತಿಕೊಂಡು ಹೋಗಿ ಯಜಮಾನ್ರೇ ಎಂದ.